ಪುಸ್ತಕದಕ್ಕ ಬಿಟ್ಟುಕೊಡದ ಅಧ್ಯಾಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದ ಇಸ್ತ್ರಿ ಮೇಜೇ ಈ ಹೊತ್ತಿಗೆ ಬರೆಯುವ ಮೇಜು. ಪುಸ್ತಕದಕ್ಕ ನಿಂತೇ ಬರೆಯುತ್ತಾರೆ, ನಿಂತೇ ಓದುತ್ತಾರೆ. ಎದುರಿಗೆ ಮಂಚದ ಮೇಲೆ ಶಾಲು ಹೊದ್ದು ಕೂತ ಅತ್ತೆ ಹೊಸ ಪ್ರಾರ್ಥನೆಯನ್ನು ಕೇಳುತ್ತಿದ್ದಾರೆ. ಇನ್ನೂ ನಾಲ್ಕು ಸಾಲು ಬಾಕಿ ಇರುವಾಗಲೇ ಅವರು "ಆಮೆನ್" ಅಂದುಬಿಡುತ್ತಾರೆ. ಸೊಸೆ ಆ ನಾಲ್ಕೂ ಸಾಲನ್ನು ಹೊಡೆದುಹಾಕುತ್ತಾರೆ.

"ಅತ್ತೆ ಆಮೆನ್ ಅಂದ್ರೆ ಮುಗೀತು. ಅದರಾಚೆ ಬರೆದಿದ್ದೆಲ್ಲ ನನ್ನ ಜಂಬ," ಎಂದು ನಗುತ್ತಾರೆ.

ಹೊತ್ತೇರಿದ ಮೇಲೆ ಅಕ್ಕನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ, ಬೆಡ್‌ಶೀಟುಗಳ ರಾಶಿಯ ನಡುವೆ. ರೋಗಿಯ ಪಕ್ಕ ಕಾದು ಕೂತವರಿಗೆಂದೇ ಇದುವರೆಗೆ ಮೂರು ಪುಸ್ತಕ ಬರೆದಿದ್ದಾರೆ. ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು ಎಲ್ಲ ಅವರದೇ. ಅಂಗೈಯಗಲದ ಪುಸ್ತಕ, ದಪ್ಪ ಅಕ್ಷರ. "ಆಪರೇಷನ್ ಬಾಗಿಲ ಮುಂದೆ ಕೂತವರ ಕೈ ನಡುಗ್ತಿರುತ್ತೆ. ದೊಡ್ಡ ಪುಸ್ತಕ ಹಿಡಿಯೋಕಾಗುತ್ತಾ?" ಅನ್ನುತ್ತಾರೆ. ಪ್ಲಂಬರ್ ಗಂಡ ಪಾರ್ಸೆಲ್ ಕಟ್ಟುತ್ತಲೇ ಬಾಯಿ ಹಾಕುತ್ತಾರೆ: "ನಾನು ಪ್ರಕಾಶನದ ಎಂ.ಡಿ. ಸರ್. ದಾರ ಕಟ್ಟೋ ಎಂ.ಡಿ."

ಮೊದಲ ಪುಸ್ತಕ ಚರ್ಚಿನ ಗೇಟಿನಲ್ಲಿ ಒಂದೇ ಭಾನುವಾರ ಖಾಲಿಯಾಯಿತಂತೆ. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೊಂದು ದಿನ ಚರ್ಚಿಗೆ ಬರುವವರೊಬ್ಬರ ಮನೆಗೆ ಹೋದಾಗ ಅದೇ ಪುಸ್ತಕ ಅಲುಗಾಡುವ ಮೇಜಿನ ಕಾಲಡಿ ಕಂಡಿತು. ಎಲ್ಲರೂ ದಾಕ್ಷಿಣ್ಯಕ್ಕೆ ಕೊಂಡಿದ್ದರು, ಬಿಚ್ಚಿ ನೋಡಿದವರು ಕಡಿಮೆ. ಅಂದಿನಿಂದ ಒಂದು ಪುಟವನ್ನಾದರೂ ಅಲ್ಲೇ ನಿಂತು ಓದದವರಿಗೆ ಪುಸ್ತಕ ಕೊಡುವುದಿಲ್ಲ. "ಪಾಪ ಅಂತ ಕೊಳ್ಳೋದಾದ್ರೆ ಬೇಡ. ನಾನೇನು ಕಾಣಿಕೆ ತಟ್ಟೆ ಹಿಡ್ಕೊಂಡು ನಿಂತಿದ್ದೀನಾ?"

ಇದನ್ನು ಕೇಳಿಸಿಕೊಂಡ ಮೇಲೂ, ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಓದದೆಯೇ ಪರ್ಸ್ ತೆಗೆದು ಬೈಸಿಕೊಂಡೆ. ಓದಲು ತೆರೆದದ್ದು ಮೂರನೇ ಪುಸ್ತಕದ 'ಪ್ರಾರ್ಥಿಸದ ವರ್ಷ' ಎಂಬ ಅಧ್ಯಾಯ. ಹಿರಿಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಅಕ್ಕ ಒಂದಿಡೀ ವರ್ಷ ದೇವರ ಜೊತೆ ಮಾತು ಬಿಟ್ಟಿದ್ದರು. ಭಾನುವಾರ ಚರ್ಚಿಗೆ ಹೋಗಿ, ಹಾಡಿಗೆ ತುಟಿ ಆಡಿಸಿ ಬರುತ್ತಿದ್ದರು. ಒಂದಿಷ್ಟೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಓದಿ ಮುಗಿಸಿದವನು ಮತ್ತೆ ಅದೇ ಅಧ್ಯಾಯದ ಮೊದಲ ಪುಟಕ್ಕೆ ತಿರುಗಿಸಿದೆ.

ಕಳೆದ ವರ್ಷ ಅವರ ಚರ್ಚಿಗೆ ಐವತ್ತು ತುಂಬಿತು. ಮನೆಗೊಂದರಂತೆ ಈ ಪುಸ್ತಕವನ್ನೇ ಉಡುಗೊರೆ ಕೊಡುವುದೆಂದು ಸಮಿತಿ ತೀರ್ಮಾನಿಸಿತು. ಅಷ್ಟು ದೊಡ್ಡ ಆರ್ಡರ್ ಅಕ್ಕ ಕಂಡದ್ದೇ ಇಲ್ಲ. ಆದರೆ ಒಳ್ಳೆಯ ಮನುಷ್ಯರಾದ ಕಾರ್ಯದರ್ಶಿಗಳು ಹಿಂಜರಿಯುತ್ತಲೇ ಒಂದು ಮಾತು ಹೇಳಿದರು: "ಮಕ್ಕಳೂ ಓದ್ತಾರಮ್ಮ. ವಿಶ್ವಾಸ ಅಲುಗಾಡೋ ಮಾತು ಯಾಕೆ? ಆ ಒಂದು ಅಧ್ಯಾಯ ತೆಗೆದುಬಿಡಿ. ಉಳಿದಿದ್ದೆಲ್ಲ ಬಂಗಾರ."

ಆಸೆಯಾಯಿತು ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. ಒಂದು ವಾರ ಒದ್ದಾಡಿ, ಕೊನೆಗೆ ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದರು. "ಆ ಅಧ್ಯಾಯ ತೆಗೆದ್ರೆ, ಆ ವರ್ಷ ಪೂರ್ತಿ ದೇವರು ನನ್ನ ಸಹಿಸ್ಕೊಂಡಿದ್ದೂ ಹೋಗುತ್ತಲ್ವಾ?"

ಆರ್ಡರ್ ಕೈತಪ್ಪಿತು, ಪುಸ್ತಕದ ಕಟ್ಟುಗಳು ಮಂಚದ ಕೆಳಗೆ ಸೇರಿದವು. ಕೆಲವರು ಕಂಡರೂ ಕಾಣದಂತೆ ಹೋಗತೊಡಗಿದರು. ಮಾಡಿದ್ದು ತಪ್ಪೇನೋ ಎಂಬ ಅಳುಕು ಅಕ್ಕನನ್ನು ಬಿಡಲಿಲ್ಲ.

ಹೋದ ತಿಂಗಳು ಆಸ್ಪತ್ರೆಯ ಗೇಟಿನ ಬಳಿ, ಹಿಂದೆ ಪುಸ್ತಕ ಕೊಂಡಿದ್ದವರೊಬ್ಬರು ಇನ್ನೊಂದು ಪ್ರತಿ ಕೇಳಿಕೊಂಡು ಬಂದರು. ಅವರ ಕೈಲಿದ್ದ ಪುಸ್ತಕದಲ್ಲಿ ಆ ಅಧ್ಯಾಯದ ಹಾಳೆಗಳನ್ನೇ ಯಾರೋ ಕಿತ್ತಿದ್ದರು. ಅಕ್ಕನ ಮುಖ ಬಾಡಿತು. "ನಿಮಗೂ ಹಿಡಿಸಲಿಲ್ವಾ?"

"ಅಯ್ಯೋ, ಹಾಗಲ್ಲಮ್ಮ. ಮಗು ಹೋದಾಗಿಂದ ನನ್ನ ಹೆಂಡ್ತಿ ಯಾರ ಹತ್ರಾನೂ ಮಾತಾಡ್ತಿರಲಿಲ್ಲ. ಆ ಹಾಳೆಗಳನ್ನ ಅವಳೇ ಕಿತ್ತು ದಿಂಬಿನ ಕೆಳಗೆ ಇಟ್ಕೊಂಡಿದ್ದಾಳೆ. ನಿನ್ನೆ ನನ್ನ ಕೂರಿಸಿಕೊಂಡು ಜೋರಾಗಿ ಓದಿದ್ಲು."

ಅಕ್ಕ ಹೊಸ ಪ್ರತಿ ಕೊಟ್ಟು ಹರಿದದ್ದನ್ನು ಕೇಳಿ ಇಸಿದುಕೊಂಡರಂತೆ. ಹೇಳುವಾಗ ಕಣ್ಣು ತುಂಬಿಕೊಂಡಿದೆ, ತಲೆ ಮಾತ್ರ ಎತ್ತಿಯೇ ಇದೆ. ಮುಂದಿನ ಆಸೆ ಏನೆಂದು ಕೇಳುತ್ತೇನೆ.

"ಜೋಪಾನವಾಗಿ ಇಟ್ಟ ಪುಸ್ತಕಗಳು ಎಲ್ಲರ ಮನೇಲೂ ಇವೆ. ಹೀಗೆ ಹರಿದು ಬರೋವು ಇನ್ನೊಂದೆರಡು ಕಣ್ಣಿಗೆ ಬಿದ್ರೆ ಸಾಕು."