ಬೆಳ್ಳಿಚುಕ್ಕಿಯನ್ನು ಧೂಮಕೇತು ಎಂದ ಬೆಳಗು

ಕುಂಬಾರಕೊಪ್ಪಲಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಒಂದು ಧೂಮಕೇತು ಸೂರ್ಯನ ತೀರಾ ಹತ್ತಿರ ಹಾದುಹೋಗಲಿದೆ, ಸುತ್ತಿಕೊಂಡು ಈಚೆ ಬಂದ ಮೇಲೆ ಬೆಳಗಿನ ಜಾವ ಬರಿಗಣ್ಣಿಗೇ ಅದರ ಬಾಲ ಕಾಣಬಹುದು ಎಂಬ ಸುದ್ದಿ ಬಂತು. ಸುದ್ದಿಯಲ್ಲಿ ‘ಕಾಣಬಹುದು’ ಎಂದಿತ್ತು. ನಾನು ತರಗತಿಯಲ್ಲಿ ‘ಕಾಣುತ್ತದೆ’ ಎಂದೆ. ಅಷ್ಟಕ್ಕೇ ನಿಲ್ಲದೆ ಸ್ಥಳೀಯ ಪತ್ರಿಕೆಗೊಂದು ಪುಟ್ಟ ಲೇಖನ ಬರೆದೆ. ಅದು ನನ್ನ ಫೋಟೋ ಸಮೇತ ಅಚ್ಚಾಯಿತು. ಹೆಡ್‌ಮಿಸ್ ಅದನ್ನು ಕತ್ತರಿಸಿ ನೋಟೀಸ್ ಬೋರ್ಡಿಗೆ ಅಂಟಿಸಿ, ಧೂಮಕೇತು ನೋಡಲು ಶಾಲೆಯ ತಾರಸಿಗೆ ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬರಲಿ ಎಂದು ದಿನ ಗೊತ್ತುಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು.

ಅದರ ಹಿಂದಿನ ದಿನ ಸಂಜೆ ಚಾಮರಾಜಪುರಂನ ಮನೆಯಲ್ಲಿ ಕಾಫಿ ಕುಡಿಯುತ್ತಾ ಫೋನ್ ನೋಡಿದೆ. ಧೂಮಕೇತು ಇರಲಿಲ್ಲ. ಸೂರ್ಯನ ಬಳಿಗೆ ಹೋದದ್ದು ಆ ಕಡೆಯಿಂದ ಇಡಿಯಾಗಿ ಹೊರಬರಲೇ ಇಲ್ಲ. ಶಾಖಕ್ಕೆ ಮಂಜುಗಡ್ಡೆಯೆಲ್ಲ ಆವಿಯಾಗಿ, ಒಳಗಿನ ಕಲ್ಲುಮಣ್ಣು ಉದುರಿ, ಧೂಳಿನ ಒಂದು ಮಸುಕು ಗೀರಷ್ಟೇ ಉಳಿದಿತ್ತು.

“ಗ್ರೂಪಿಗೆ ಒಂದು ಮೆಸೇಜ್ ಹಾಕ್ಬಿಡಿ. ಅದು ಒಡೆದುಹೋದ್ರೆ ನಿಮ್ಮ ತಪ್ಪೇನ್ರೀ?” ಎಂದಳು ನನ್ನ ಹೆಂಡತಿ.

ಟೈಪ್ ಮಾಡಿದೆ, ಅಳಿಸಿದೆ. ಪತ್ರಿಕೆಯಲ್ಲಿ ನನ್ನ ಫೋಟೋ ನೋಡಿದವರೆಲ್ಲ ನಗುತ್ತಾರೆ ಅನ್ನಿಸಿತು. ಒಂದಿಷ್ಟಾದರೂ ಉಳಿದಿದ್ದೀತು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಬೆಳಿಗ್ಗೆ ಐದೂವರೆಗೆ ಶಾಲೆಯ ತಾರಸಿ ತುಂಬಿತ್ತು. ಸ್ವೆಟರ್, ಮಫ್ಲರ್, ಫ್ಲಾಸ್ಕಿನಲ್ಲಿ ಹಾಲು ತಂದಿದ್ದ ತಾಯಂದಿರು. ಪೂರ್ವಕ್ಕೆ ಬೆಟ್ಟದ ಕಡೆ ತೆಳುವಾಗಿ ಮೋಡ ಹಬ್ಬಿತ್ತು. ಅದರ ಮೇಲೆ ಶುಕ್ರ ಹೊಳೆಯುತ್ತಿತ್ತು. ಬೇರೇನೂ ಇರಲಿಲ್ಲ.

ಶಾಲೆಯ ಹಳೇ ದೂರದರ್ಶಕವನ್ನು ನಾನು ಶುಕ್ರನ ಕಡೆ ತಿರುಗಿಸಿದೆ. ಆಮೇಲೆ ಫೋಕಸ್ ಕೆಡಿಸಿದೆ. ಬೇಕೆಂದೇ, ಎರಡು ಬೆರಳಲ್ಲಿ ತಿರುಪು ಹಿಡಿದು ಕೆಡಿಸಿದೆ. ಚುಕ್ಕಿ ಹರಡಿಕೊಂಡು ಮಸುಕು ಮಸುಕಾಯಿತು. “ನೋಡಿ, ಇದೇ. ಬಾಲ ಮೋಡದಲ್ಲಿ ಮುಚ್ಚಿಹೋಗಿದೆ” ಎಂದೆ. ಸಾಲು ಮುಂದುವರಿಯಿತು. ಒಬ್ಬೊಬ್ಬರೂ ಕಣ್ಣಿಟ್ಟು “ಅಬ್ಬಾ” ಎನ್ನುತ್ತಿದ್ದರು. ಒಬ್ಬರು ತಂದೆ ನನ್ನ ಕೈ ಕುಲುಕಿದರು.

ಕೊನೆಯಲ್ಲಿ ಬಂದವರು ನಮ್ಮ ಶಾಲೆಯ ಆಯಾ. ಅವರ ಮಗಳು ನನ್ನದೇ ಒಂಬತ್ತನೇ ತರಗತಿಯಲ್ಲಿದ್ದಳು, ಅಲ್ಲೇ ಗೆಳತಿಯರ ಜೊತೆ ನಿಂತಿದ್ದಳು. ಆಯಾ ದೂರದರ್ಶಕದಲ್ಲಿ ನೋಡಿದರು, ತಲೆ ಎತ್ತಿ ಆಕಾಶ ನೋಡಿದರು.

“ಇದು ದಿನಾ ಇರೋ ಬೆಳ್ಳಿಚುಕ್ಕಿ ಅಲ್ವಾ ಸಾರ್? ನಾನು ಎರಡು ಮನೆ ಬಾಗ್ಲಿಗೆ ನೀರಾಕಿ ರಂಗೋಲಿ ಬುಡೋವಾಗ ಇದು ಅಲ್ಲೇ ಇರ್ತದೆ. ತಿಂಗಳಿಂದ ನೋಡ್ತಾವ್ನಿ.”

ಆಗಲಾದರೂ ಹೌದು ಎನ್ನಬಹುದಿತ್ತು. ನಾನು ನಕ್ಕು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಅಮ್ಮಾ, ನೀವು ಪೊರಕೆ ನೋಡ್ಕೊಳ್ಳಿ. ಆಕಾಶ ನನಗೆ ಬಿಡಿ.”

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆಯಾ ಮೊದಲು ಮಗಳ ಮುಖ ನೋಡಿದರು, ಆಮೇಲೆ ನನ್ನದು. “ಅಂಗಾ ಸಾರ್” ಎಂದು ಮೆಟ್ಟಿಲಿಳಿದು ಹೋದರು.

ಧೂಮಕೇತು ಪುಡಿಯಾದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಆಶ್ಚರ್ಯವೆಂದರೆ ಯಾರೂ ನನ್ನನ್ನು ಕೇಳಲಿಲ್ಲ. ನೋಡಿ ಬಂದವರು ನೋಡಿದೆವೆಂದೇ ಹೇಳುತ್ತಿದ್ದರು. ನಾಲ್ಕು ದಿನ ನಾನೂ ಬಾಯಿಬಿಡಲಿಲ್ಲ. ಆಯಾ ಗುಡಿಸುವ ಹೊತ್ತಿಗೆ ಎದುರಾಗಬಾರದೆಂದು ಶಾಲೆಗೆ ತಡವಾಗಿ ಹೋಗುತ್ತಿದ್ದೆ. ಐದನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಮೈಕ್ ಕೇಳಿ ಪಡೆದು ಎಲ್ಲವನ್ನೂ ಹೇಳಿದೆ: ನಾನು ತೋರಿಸಿದ್ದು ಶುಕ್ರ, ಗೊತ್ತಿದ್ದೇ ತೋರಿಸಿದೆ, ಆಯಾ ಹೇಳಿದ್ದು ಸರಿ, ಅವರನ್ನು ಹಾಗೆ ಅನ್ನಬಾರದಿತ್ತು. ಹೆಡ್‌ಮಿಸ್ ಮುಖ ಕೆಂಪಾಯಿತು. ಮಕ್ಕಳಲ್ಲಿ ಗುಸುಗುಸು ಎದ್ದಿತು. ಒಂಬತ್ತನೇ ತರಗತಿಯ ಸಾಲಿನಲ್ಲಿ ಒಂದು ತಲೆ ಮಾತ್ರ ತಗ್ಗಿತ್ತು.

ಮಧ್ಯಾಹ್ನ ಆಯಾ ನೀರಿನ ಟ್ಯಾಂಕಿನ ಹತ್ತಿರ ಬಕೆಟ್ ತೊಳೆಯುತ್ತಿದ್ದರು. ಹೋಗಿ ಕ್ಷಮೆ ಕೇಳಿದೆ.

“ಬುಡಿ ಸಾರ್. ನೀವಂದಿದ್ದು ಅವತ್ತೇ ಮರೆತೆ” ಎಂದರು. ಸ್ವಲ್ಪ ಹೊತ್ತು ಬಕೆಟ್ ಉಜ್ಜಿ ಮತ್ತೆ ಹೇಳಿದರು: “ಮಗಳೇ ಎರಡು ದಿನ ಮಾತು ಬುಟ್ಟಿದ್ಲು. ‘ಎಲ್ರ ಮುಂದೆ ಯಾಕಮ್ಮ ಬಾಯಿ ಹಾಕ್ದೆ, ನನ್ನ ಮಾನ ಹೋಯ್ತು’ ಅಂತ. ನಂಗೇ ಕಣ್ಣು ಮಂಜಾಗೈತೇನೋ ಅನ್ಕೊಂಬುಟ್ಟೆ ಸಾರ್.”

ಬಕೆಟ್ ಬೋರಲು ಹಾಕಿ ಅವರೇ ಕೇಳಿದರು: “ಓಗ್ಲಿ, ನಿಜ್ವಾಗ್ಲೂ ಅದಕ್ಕೆ ಏನಾಯ್ತು ಸಾರ್?”

ಶಾಲೆಯಲ್ಲಿ ಅದನ್ನು ಕೇಳಿದ್ದು ಅವರೊಬ್ಬರೇ. ನಾನು ಹೇಳಿದೆ. ಎಷ್ಟು ದೂರದಿಂದ, ಎಷ್ಟು ಕಾಲದಿಂದ ಬರುತ್ತಿತ್ತು, ಹತ್ತಿರವಾದಷ್ಟೂ ಹೇಗೆ ವೇಗ ಹೆಚ್ಚಿತು, ಬಿಸಿಲಿಗೆ ಹೇಗೆ ಬಿರಿದು ಚೂರಾಯಿತು ಎಂದು. ಅವರು ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತು ಕೇಳಿದರು.

“ಮತ್ತೆ ಅವತ್ತು ಇದನ್ನೇ ಹೇಳ್ಬೋದಿತ್ತಲ್ಲ ಸಾರ್” ಎಂದರು. “ಇದೂ ಚೆನ್ನಾಗೇ ಐತಲ್ಲ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗಳು ಹತ್ತನೇ ತರಗತಿ ಮುಗಿಸುವವರೆಗೂ ನನ್ನ ಪಾಠಕ್ಕೆ ಕೂತಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಚೆನ್ನಾಗಿಯೇ ಬರೆಯುತ್ತಿದ್ದಳು. ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಮ್ಮೆ ಗ್ರಹಗಳ ಪಾಠದ ದಿನ ಶುಕ್ರನ ಹೆಸರು ಬಂದಾಗ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ನಾನೂ ಆ ಪುಟವನ್ನು ಬೇಗ ಬೇಗ ಓದಿ ಮುಗಿಸಿದೆ.