ಕೀರ್ತನಳ ಪ್ರಮಾಣಪತ್ರ

ಕೀರ್ತನ ಕಾನೂನು ಓದಲು ಹೋದದ್ದು ಅಪ್ಪನ ಆಸೆಗೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಪಕ್ಕದ ಹಳ್ಳಿಯಲ್ಲಿ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆಹುಳು ಸಾಕುತ್ತಿದ್ದ ಗೋಪಾಲಪ್ಪ ಹಿಂದೆ ಒಂದು ಬದುವಿನ ತಕರಾರಿಗಾಗಿ ಕೋರ್ಟಿಗೆ ಅಲೆದವನು. ಕರಿಕೋಟಿನವರು ನಡೆದು ಬಂದರೆ ಜನ ತಾವಾಗಿಯೇ ದಾರಿ ಬಿಡುವುದನ್ನು ಅಲ್ಲಿ ನೋಡಿದ್ದ. ಆ ಚಿತ್ರ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮಗಳು ಪಿಯುಸಿ ಮುಗಿಸಿದ್ದೇ ತಡ, ಬೆಂಗಳೂರಿನ ಒಂದು ಕಾಲೇಜಿಗೆ ಐದು ವರ್ಷದ ಕೋರ್ಸಿಗೆ ಸೇರಿಸಿದ. ಅವತ್ತಿನಿಂದಲೇ ಊರಿನವರ ಮುಂದೆ ಅವಳನ್ನು ‘ನಮ್ಮ ಲಾಯರಮ್ಮ’ ಎನ್ನತೊಡಗಿದ.

ಹತ್ತನೇ ತರಗತಿಯವರೆಗೂ ಅವಳದು ಕನ್ನಡ ಮಾಧ್ಯಮ. ಲಾ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದಿತ್ತು. ಆದರೆ ಮೊದಲ ವಾರವೇ ಮೇಷ್ಟ್ರು, “ಕನ್ನಡದಲ್ಲಿ ಬರೆಯೋರು ಯಾರ್ಯಾರು, ಕೈ ಎತ್ತಿ” ಅಂದಾಗ, ಮೇಲೆದ್ದ ಕೆಲವೇ ಕೈಗಳತ್ತ ಇಡೀ ತರಗತಿ ತಿರುಗಿ ನೋಡಿತು. ಕೀರ್ತನ ತನ್ನ ಕೈಯನ್ನು ಮಡಿಲಿನಿಂದ ಎತ್ತಲಿಲ್ಲ. ಆ ಒಂದು ಗಳಿಗೆಯ ನಾಚಿಕೆಗೆ ಐದು ವರ್ಷ ಬೆಲೆ ತೆತ್ತಳು. ಇಂಗ್ಲಿಷಿನ ಉದ್ದುದ್ದ ವಾಕ್ಯಗಳನ್ನು ಬಾಯಿಪಾಠ ಮಾಡಿ ಕಾಗದದ ಮೇಲೆ ಸುರಿದು ಬರುತ್ತಿದ್ದಳು. ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ಕಳಚಿಕೊಳ್ಳುತ್ತಿತ್ತು. ಪ್ರತಿ ಸೆಮಿಸ್ಟರಿನಲ್ಲೂ ಒಂದೋ ಎರಡೋ ವಿಷಯ ಉಳಿಯುತ್ತಿದ್ದವು. ಮತ್ತೆ ಕಟ್ಟಿ, ಮತ್ತೆ ಬರೆದು, ಕೊನೆಗೆ ಅಂಚಿನಲ್ಲಿ ಪಾಸಾದಳು.

ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಸಿಂಚನಳಿಗೆ ಬೆಂಗಳೂರಿನ ದೊಡ್ಡ ಲಾ ಫರ್ಮಿನಲ್ಲಿ ಕೆಲಸ ಸಿಕ್ಕಿತು. ಕೀರ್ತನಳೂ ಕೆಲವು ಆಫೀಸುಗಳ ಮೆಟ್ಟಿಲು ಹತ್ತಿದಳು. ಒಂದು ಕಡೆ ಅವಳ ವಯಸ್ಸಿನ ಹುಡುಗನೊಬ್ಬ ಮಾರ್ಕ್ಸ್ ಕಾರ್ಡುಗಳನ್ನು ನೋಡಿ, ಒಂದನ್ನು ತಿರುವಿ ಹಿಂಬದಿಯನ್ನೂ ನೋಡಿದ, ಅಲ್ಲೇನಾದರೂ ಒಳ್ಳೆಯದು ಬರೆದಿದೆಯೋ ಎಂಬಂತೆ. ಮತ್ತೊಂದು ಕಡೆ ಫೈಲು ಬಿಚ್ಚುವ ಮೊದಲೇ, “ಬ್ಯಾಕ್‌ಲಾಗ್ ಇತ್ತಾ?” ಅಂತ ಕೇಳಿದರು. ಇತ್ತು ಅಂದಳು. ಹೇಳಿ ಕಳಿಸ್ತೀವಿ ಅಂದರು. ಯಾರೂ ಹೇಳಿ ಕಳಿಸಲಿಲ್ಲ.

ಕಡೆಗೆ ಅವಳನ್ನು ಸೇರಿಸಿಕೊಂಡವರು ದೇವನಹಳ್ಳಿಯ ವಕೀಲ ಕಾಂತರಾಜು. ಅವರು ಮಾರ್ಕ್ಸ್ ಕೇಳಲೇ ಇಲ್ಲ. “ಬೆಳಿಗ್ಗೆ ಬೇಗ ಬರ್ತೀಯೇನಮ್ಮ? ಕನ್ನಡ ಚೆನ್ನಾಗಿ ಬರೀತೀಯಾ? ಸರಿ, ನಾಳೆಯಿಂದ ಬಾ.” ಫೈಲು ಹೊರುವುದು, ಸೀನಿಯರ್ ಬರುವವರೆಗೆ ನ್ಯಾಯಾಧೀಶರ ಮುಂದೆ ನಿಂತು ಕಾಲಾವಕಾಶ ಕೇಳುವುದು, ಕಕ್ಷಿದಾರರಿಗೆ ಮುಂದಿನ ತಾರೀಖು ಹೇಳುವುದು, ಇಷ್ಟೇ ಅವಳ ಕೆಲಸ. ಒಮ್ಮೆ ನ್ಯಾಯಾಧೀಶರು ಏನೋ ಪ್ರಶ್ನೆ ಕೇಳಿದಾಗ ಅವಳು ಇಂಗ್ಲಿಷಿನಲ್ಲಿ ಶುರು ಮಾಡಿ ಅರ್ಧಕ್ಕೆ ಸಿಕ್ಕಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅವಳು ಕೋರ್ಟ್ ಹಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದಳು.

ಹತ್ತಿರದ ಆವತಿ ಹಳ್ಳಿಯ ವರಲಕ್ಷ್ಮಮ್ಮನ ದಾವಾ ಆ ಆಫೀಸಿನ ಹಳೆಯ ಕೇಸುಗಳಲ್ಲೊಂದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಹೆಂಗಸು. ಏರ್‌ಪೋರ್ಟ್ ಬಂದು ಸುತ್ತಲ ಜಮೀನಿಗೆ ಚಿನ್ನದ ಬೆಲೆ ಬಂದಾಗ ತಮ್ಮ ಅವಳನ್ನು ಬಿಟ್ಟು ಅಪ್ಪನ ಆಸ್ತಿಯನ್ನೆಲ್ಲ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ತನ್ನ ಪಾಲು ಕೇಳಿ ಅವಳು ಕೋರ್ಟಿಗೆ ಬಂದಿದ್ದಳು. ಅವಳ ಸಾಕ್ಷ್ಯಕ್ಕೆ ಇಟ್ಟ ತಾರೀಖುಗಳನ್ನು ಕಾಂತರಾಜು ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹಾಕಿಸಿದ್ದರು. ಈ ಸಲ ನ್ಯಾಯಾಧೀಶರು ಇದೇ ಕೊನೆಯ ಅವಕಾಶ ಎಂದು ಬರೆದಿದ್ದರು. ಅದೇ ದಿನ ಕಾಂತರಾಜು ಅವರಿಗೆ ಹೈಕೋರ್ಟಿನಲ್ಲಿ ಬೇರೊಂದು ಕೇಸು ಬಂತು.

“ನೀನೇ ನಿಂತ್ಕೊಂಡು ಮಾಡಿಬಿಡಮ್ಮ,” ಅಂದರು. “ಆಯಮ್ಮನ್ನ ಕಟಕಟೆಗೆ ಹತ್ತಿಸು, ದಾಖಲೆ ಗುರುತು ಹಾಕಿಸು. ಅಷ್ಟೇ.”

ಕೀರ್ತನ ಬೆಳಿಗ್ಗೆಯೇ ಹೋಗಿ ವರಲಕ್ಷ್ಮಮ್ಮನನ್ನು ಕೋರ್ಟಿನ ಹೊರಗಿನ ಹೊಂಗೆ ಮರದ ಕೆಳಗೆ ಕೂರಿಸಿದಳು. “ಒಳಗೆ ಜನ ಜಾಸ್ತಿ ಅಮ್ಮಾ. ನಾನೇ ಬಂದು ಕರೀತೀನಿ, ಅಲ್ಲೀವರ್ಗೂ ಏಳ್ಬೇಡಿ.” ಫೈಲು ಎದೆಗೊತ್ತಿಕೊಂಡು ಕೋರ್ಟ್ ಹಾಲಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮುಂದಿನ ಸಾಲಿನಲ್ಲಿ ಸಿಂಚನ ಕೂತಿದ್ದಳು. ಯಾವುದೋ ಕಂಪನಿಯ ಜಮೀನಿನ ಕೇಸಿಗೆ ಬೆಂಗಳೂರಿನಿಂದ ಸೀನಿಯರ್ ಜೊತೆ ಬಂದಿದ್ದಳು. ನೀಟಾಗಿ ಒತ್ತಿದ ಕೋಟು, ಕೈಯಲ್ಲಿ ಟ್ಯಾಬ್.

ಸಿಂಚನ ಕೆಟ್ಟವಳಲ್ಲ. ನೋಡಿದ್ದರೆ ಎದ್ದು ಬಂದು ತಬ್ಬಿಕೊಳ್ಳುತ್ತಿದ್ದಳು. ಕೀರ್ತನಳಿಗೆ ಬೇಡವಾಗಿದ್ದದ್ದು ಅದೇ. ಇವಳ ಕಣ್ಣೆದುರು ನಿಂತು, ನ್ಯಾಯಾಧೀಶರು ಏನಾದರೂ ಕೇಳಿ, ತಾನು ತಡವರಿಸಿ, ಹಿಂದಿನವರು ನಕ್ಕು… ನಮ್ಮ ಕೇಸು ಬರಲು ಇನ್ನೂ ಹೊತ್ತಿದೆ, ಅಷ್ಟರಲ್ಲಿ ಸಿಂಚನ ಹೊರಟಿರುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡು ಹಿಂದಿನ ಮೆಟ್ಟಿಲಿಳಿದು ಹೆಂಗಸರ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಅಟೆಂಡರ್ ಹೆಸರುಗಳನ್ನು ಕೂಗುವುದು ಗೋಡೆಯಾಚೆಯಿಂದ ಮಂದವಾಗಿ ಕೇಳುತ್ತಿತ್ತು. ಅದರಲ್ಲಿ ವರಲಕ್ಷ್ಮಮ್ಮನ ಹೆಸರೂ ಇತ್ತೇನೋ. ಇತ್ತು ಎಂದೇ ಅವಳಿಗೆ ಆಮೇಲೆ ಅನಿಸಿತು. ಕೇಳಿಸಿಕೊಳ್ಳಬಾರದೆಂದು ನಲ್ಲಿ ತಿರುಗಿಸಿದ್ದು ತಾನೇ ಎಂಬುದೂ ನೆನಪಾಯಿತು.

ಸಿಂಚನಳ ಕಾರು ಗೇಟು ದಾಟಿದ ಮೇಲೆ ಒಳಗೆ ಹೋದಳು. ಬೆಂಚ್ ಕ್ಲರ್ಕ್ ತಲೆಯೆತ್ತದೆ ಹೇಳಿದರು: “ಎರಡು ಸಲ ಕೂಗ್ಸಿದ್ರಮ್ಮ. ವಾದಿನೂ ಇಲ್ಲ, ವಕೀಲ್ರೂ ಇಲ್ಲ. ದಾವಾ ವಜಾ ಆಯ್ತು.”

ಮರದ ಕೆಳಗೆ ವರಲಕ್ಷ್ಮಮ್ಮ ಹೇಳಿದ ಜಾಗದಲ್ಲೇ ಇದ್ದಳು. ಒಗೆದು ಮಡಿಸಿಟ್ಟಿದ್ದ ಸೀರೆ, ಹಣೆಗೆ ವಿಭೂತಿ. “ಯಾರೋ ನನ್ನ ಹೆಸ್ರು ಕೂಗ್ದಂಗಾಯ್ತು. ನೀನು ಏಳ್ಬೇಡ ಅಂದಿದ್ಯಲ್ಲ, ಎದ್ದಿಲ್ಲ,” ಅಂದಳು.

“ಇವತ್ತು ಆಗ್ಲಿಲ್ಲ ಅಮ್ಮಾ. ಇನ್ನೊಂದಿನ ಹೇಳ್ತೀನಿ,” ಅಂದಳು ಕೀರ್ತನ. ವರಲಕ್ಷ್ಮಮ್ಮ ಚೀಲದಿಂದ ಅವರೆಕಾಯಿ ತೆಗೆದು ಅವಳ ಕೈಗಿಟ್ಟು, ಹಾಲು ಕರೆಯುವ ಹೊತ್ತಾಯಿತೆಂದು ಬಸ್ಸಿಗೆ ಹೋದಳು. ಅವರೆಕಾಯಿಯನ್ನು ಮನೆಗೆ ಒಯ್ಯಲು ಕೀರ್ತನಳಿಗೆ ಮನಸ್ಸಾಗಲಿಲ್ಲ. ಅಲ್ಲೇ ಟೀ ಅಂಗಡಿಯವಳಿಗೆ ಕೊಟ್ಟುಬಿಟ್ಟಳು.

ಕಾಂತರಾಜು ಕೂಗಾಡಲಿಲ್ಲ. “ವಜಾ ಆದ ದಾವಾನ ಮತ್ತೆ ನಡೆಸೋಕೆ ಅರ್ಜಿ ಹಾಕೋಣ. ಆಯಮ್ಮಂಗೆ ಅವತ್ತು ವಿಪರೀತ ಜ್ವರ, ಬರಕ್ಕಾಗ್ಲಿಲ್ಲ ಅಂತ ಪ್ರಮಾಣಪತ್ರ ಬರಿ, ಅಫಿಡವಿಟ್ಟು. ಎಲ್ರೂ ಹಂಗೇ ಬರೆಯೋದು. ಹೆಬ್ಬೆಟ್ಟು ಹಾಕಿಸ್ಕೊಂಡು ಬಾ,” ಅಂದರು.

ಮಾರನೆಯ ದಿನ ಆವತಿಗೆ ಹೋದಳು. ವರಲಕ್ಷ್ಮಮ್ಮ ಕೊಟ್ಟಿಗೆ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಕೀರ್ತನ ಓದಿ ಹೇಳಿದಳು.

“ಜ್ವರಾನಾ? ನಂಗಾ?” ಅಂದಳು ವರಲಕ್ಷ್ಮಮ್ಮ. “ಮರದ ಕೆಳಗೆ ಬಂಡೆ ಕೂತಂಗೆ ಕೂತಿದ್ನಲ್ಲಮ್ಮ! ನನ್ ತಮ್ಮ ಎದುರಿಗೇ ಹಾದು ಹೋದ, ನನ್ನ ನೋಡವ್ನೆ. ಈಗ ಜ್ವರ ಅಂತ ಬರೆದ್ರೆ, ನಾಳೆ ನಾನೇನ್ ಹೇಳಿದ್ರೂ ಇವಳು ಸುಳ್ಳಿ ಅನ್ನಲ್ವಾ ಅವನು?” ಆಮೇಲೆ ಅವಳ ಮುಖ ನೋಡಿ, “ಅದ್ಸರಿ, ನಾನು ಅಲ್ಲಿದ್ದೆ. ನೀನೆಲ್ಲಿಗೆ ಹೋಗಿದ್ದೆ?” ಅಂದಳು.

ಸುಳ್ಳು ಹೇಳಲು ಕೀರ್ತನ ಬಾಯಿ ತೆರೆದಳು. ಬರಲಿಲ್ಲ. ಓದಿದ್ದು, ಫೇಲಾದದ್ದು, ಗೆಳತಿ, ಶೌಚಾಲಯ, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದಳು. ಎಲ್ಲೋ ಒಂದು ಕಡೆ, ಆಗಲಿ ಬಿಡು ಮಗಳೇ ಎಂಬ ಮಾತು ಬಂದೀತೆಂಬ ಆಸೆಯಿತ್ತು.

ವರಲಕ್ಷ್ಮಮ್ಮ ಎದ್ದು ನಿಂತಳು. “ನಿಂಗೆ ನಾಚ್ಕೆ ಆಯ್ತು ಅಂತ ನನ್ ಭೂಮಿ ಹೋಗ್ಬೇಕಾ?” ಅಂದಳು. “ಹೆಬ್ಬೆಟ್ಟು ಒತ್ತಲ್ಲ. ಆಗಿದ್ದು ಆದಂಗೆ ಬರಿ, ಆಗ ನೋಡ್ತೀನಿ.” ಮತ್ತೆ ಪೊರಕೆ ಹಿಡಿದು ಕೊಟ್ಟಿಗೆಗೆ ಹೋದಳು.

ಕೀರ್ತನ ಆಫೀಸಿಗೆ ಬಂದು ತನ್ನ ಹೆಸರಿನಲ್ಲೇ ಪ್ರಮಾಣಪತ್ರ ಬರೆದಳು, ಕನ್ನಡದಲ್ಲಿ. ವಾದಿ ಅಂದು ನ್ಯಾಯಾಲಯದ ಆವರಣದಲ್ಲೇ ಇದ್ದರು. ನಾನೇ ಅವರನ್ನು ಹೊರಗೆ ಕೂರಿಸಿ, ಕರೆಯದೆ ಹೋದೆ. ತಪ್ಪು ಸಂಪೂರ್ಣ ನನ್ನದು. ಕಾಂತರಾಜು ಓದಿ ಕನ್ನಡಕ ತೆಗೆದರು. “ಇದನ್ನ ಹಾಕಿದ್ರೆ ಇಡೀ ಬಾರ್‌ನ ವಕೀಲ್ರೆಲ್ಲ ಆಡ್ಕೋತಾರೆ. ಈಗಿನ್ನೂ ಶುರು ಮಾಡ್ತಿದ್ದೀಯ, ಯೋಚ್ನೆ ಮಾಡು.”

“ಆಯಮ್ಮ ಸುಳ್ಳಿಗೆ ಹೆಬ್ಬೆಟ್ಟು ಒತ್ತಲ್ಲ ಸರ್. ನನ್ ಹತ್ರ ಇನ್ನೇನೂ ಇಲ್ಲ ಬರೆಯೋಕೆ.”

ಅರ್ಜಿ ವಿಚಾರಣೆಗೆ ಬಂದ ದಿನ ಅವಳು ನಿರೀಕ್ಷಿಸದಿದ್ದ ಒಂದು ಸಂಗತಿ ನಡೆಯಿತು. ಮಗಳು ಇವತ್ತು ಒಬ್ಬಳೇ ವಾದ ಮಾಡುತ್ತಾಳಂತೆ ಎಂಬಷ್ಟನ್ನೇ ಹೆಂಡತಿಯಿಂದ ಕೇಳಿದ್ದ ಗೋಪಾಲಪ್ಪ, ರೇಷ್ಮೆಗೂಡಿನ ವ್ಯಾಪಾರದ ಸ್ನೇಹಿತ ಮುನಿಸ್ವಾಮಿಯನ್ನು ಕಟ್ಟಿಕೊಂಡು ಬಂದಿದ್ದ. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೇಸು ಕೂಗಿ ಅವಳು ಎದ್ದು ನಿಂತಾಗಲೇ ಅವರನ್ನು ಕಂಡದ್ದು.

ನ್ಯಾಯಾಧೀಶರು ಪ್ರಮಾಣಪತ್ರ ಓದಿದರು. ಮತ್ತೊಮ್ಮೆ ಓದಿದರು. “ಕರೆಯದೆ ಹೋದೆ ಅಂತ ಬರೆದಿದ್ದೀರಿ. ಯಾಕೆ ಅಂತ ಬರೆದಿಲ್ಲ. ಎಲ್ಲಿದ್ರಿ?”

ಹಿಂದಿನ ಬೆಂಚಿನಲ್ಲಿ ಅಪ್ಪ ಕುತ್ತಿಗೆ ಮುಂದೆ ಚಾಚಿಕೊಂಡು ಕೂತಿರುವುದು ತಿರುಗಿ ನೋಡದೆಯೂ ಅವಳಿಗೆ ಗೊತ್ತಾಗುತ್ತಿತ್ತು.

“ಶೌಚಾಲಯದಲ್ಲಿ ಬಚ್ಚಿಟ್ಕೊಂಡಿದ್ದೆ ಸ್ವಾಮಿ,” ಅಂದಳು. “ನನ್ನ ಜೊತೆ ಓದಿದವರು ಅವತ್ತು ಇಲ್ಲಿಗೆ ಬಂದಿದ್ರು. ನಾನು ಓದಿನಲ್ಲಿ ಹಿಂದೆ. ಅವರೆದುರು ಮಾತಾಡೋಕೆ ನಾಚಿಕೆ ಆಯ್ತು. ವಾದಿಯ ತಪ್ಪು ಏನೇನೂ ಇಲ್ಲ.”

ನಕ್ಕರು. ಈ ಸಲ ಒಬ್ಬರಲ್ಲ, ಬಹಳ ಮಂದಿ. ಎದುರು ವಕೀಲರು ಎದ್ದು, ಇದೆಲ್ಲ ಒಂದು ಕಾರಣವೇ ಎಂದು ಶುರು ಮಾಡಿದರು. ನ್ಯಾಯಾಧೀಶರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ವಕೀಲರ ತಪ್ಪಿಗೆ ಕಕ್ಷಿದಾರಳು ಆಸ್ತಿ ಕಳೆದುಕೊಳ್ಳಬಾರದು ಎಂದು ಹೇಳಿ ದಾವಾವನ್ನು ಮತ್ತೆ ನಡೆಸಲು ಅನುಮತಿ ಕೊಟ್ಟರು. ಆಮೇಲೆ ಅವಳ ಕಡೆ ನೋಡಿ, “ಇನ್ನೊಂದು ಸಲ ಹೀಗಾದ್ರೆ ಬಾರ್ ಕೌನ್ಸಿಲ್‌ಗೆ ಬರೀತೀನಿ. ಹೋಗಿ,” ಅಂದರು. ಮೆಚ್ಚುಗೆಯೇನೂ ಆ ದನಿಯಲ್ಲಿರಲಿಲ್ಲ.

ಹೊರಗೆ ಬಂದಾಗ ಮುನಿಸ್ವಾಮಿ ಎಲ್ಲೋ ಹೋಗಿದ್ದ. ಗೋಪಾಲಪ್ಪ ಕಾಂಪೌಂಡ್ ಗೋಡೆಗೆ ಒರಗಿ ನಿಂತಿದ್ದ. ಮಗಳು ಹತ್ತಿರ ಬಂದರೂ ಮುಖ ನೋಡಲಿಲ್ಲ.

“ಓದಕ್ಕಾಗಲ್ಲ ಅಂತ ನಂಗ್ಯಾಕೆ ಹೇಳ್ಲಿಲ್ಲ ನೀನು?”

“ನೀನು ಎಲ್ರತ್ರ ಹೇಳ್ಕೊಂಡು ಓಡಾಡ್ತಿದ್ಯಲ್ಲಪ್ಪ.”

ಅವನು ಹೋಗಿ ಸ್ಕೂಟರ್ ತೆಗೆದ. ಮಗಳನ್ನು ಹಿಂದೆ ಕೂರಿಸಿಕೊಂಡು ವಿಜಯಪುರದ ದಾರಿ ಹಿಡಿದ. ಅವನು ಬಹಳ ದಿನ ಗೂಡಿನ ಮಾರುಕಟ್ಟೆಗೆ ಹೆಂಡತಿಯ ತಮ್ಮನನ್ನು ಕಳಿಸಿದ, ತಾನು ಹೋಗಲಿಲ್ಲ. ತನ್ನಿಂದ ಅಪ್ಪನಿಗೂ ತಲೆ ತಗ್ಗಿಸುವಂತಾಯಿತಲ್ಲ ಎಂದು ಕೀರ್ತನ ಊಟದ ಹೊತ್ತಿನಲ್ಲಿ ಅವನೆದುರು ಕೂರುವುದನ್ನೇ ಬಿಟ್ಟಳು.

ವಕೀಲರ ಬಾರ್ ರೂಮಿನಲ್ಲಿ ಆಡಿಕೊಂಡರು, ಕಾಂತರಾಜು ಹೇಳಿದ್ದಂತೆಯೇ. ಅವಳು ಕೇಳಿಸಿಕೊಂಡಳು. ಅದರಿಂದ ಪ್ರಾಣ ಹೋಗುವುದಿಲ್ಲ ಎಂಬುದು ಗೊತ್ತಾಗಲು ಕೆಲವು ತಿಂಗಳು ಬೇಕಾಯಿತು. ಇಂಗ್ಲಿಷಿನಲ್ಲಿ ಶುರು ಮಾಡುವ ಗೋಜಿಗೆ ಹೋಗದೆ ಕನ್ನಡದಲ್ಲೇ ಮಾತಾಡತೊಡಗಿದಳು, ನಿಧಾನಕ್ಕೆ, ಬಿಡಿಬಿಡಿಯಾಗಿ. ನ್ಯಾಯಾಧೀಶರು ಕೇಳಿದ್ದಕ್ಕೆ ಗೊತ್ತಿದ್ದರೆ ಉತ್ತರ, ಇಲ್ಲದಿದ್ದರೆ, “ಓದಿಕೊಂಡು ಬಂದು ಹೇಳ್ತೀನಿ ಸ್ವಾಮಿ.” ದೊಡ್ಡ ಕೇಸುಗಳೇನೂ ಅವಳನ್ನು ಹುಡುಕಿಕೊಂಡು ಬರಲಿಲ್ಲ. ಸಿಂಚನ ಯಾರಿಂದಲೋ ವಿಷಯ ಕೇಳಿ ಫೋನ್ ಮಾಡಿದಳು. ಕೀರ್ತನ ಎತ್ತಲಿಲ್ಲ. ಆಮೇಲೂ ಎತ್ತಲಾಗಲಿಲ್ಲ.

ವರಲಕ್ಷ್ಮಮ್ಮನ ಸಾಕ್ಷ್ಯದ ದಿನ ಬಂತು. ಮರದ ಕೆಳಗೆ ಕೂರಲು ಅವಳು ಒಪ್ಪಲಿಲ್ಲ. “ನಾನು ಒಳಗೇ ಇರ್ತೀನಿ. ನೀನೂ ನನ್ನ ಕಣ್ಣಿಗೆ ಕಾಣ್ತಾ ಇರು,” ಅಂದಳು. ಕೀರ್ತನ ಅವಳ ಪಕ್ಕದಲ್ಲೇ ಕೂತಳು. ತಮ್ಮನ ವಕೀಲರು ಮಧ್ಯಾಹ್ನವೆಲ್ಲ ಪಾಟೀಸವಾಲು ಮಾಡಿದರು. ಒಂದೆರಡು ಕಡೆ ಕೀರ್ತನ ಎದ್ದು ಆಕ್ಷೇಪಿಸಿದಳು. ನ್ಯಾಯಾಧೀಶರು ಒಂದನ್ನು ಒಪ್ಪಿದರು, ಒಂದನ್ನು ತಳ್ಳಿಹಾಕಿದರು. ವರಲಕ್ಷ್ಮಮ್ಮ ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಬೇಕಾದದ್ದನ್ನು ಹೇಳಿದಳು.

ಇಳಿದು ಬಂದಾಗ ಅವಳ ಬಾಯಿ ಒಣಗಿತ್ತು. ಕೀರ್ತನ ನೀರು ಕೊಟ್ಟಳು. ಕುಡಿದು ಬಾಟಲಿ ವಾಪಸ್ ಕೊಟ್ಟು, “ಮುಂದಿನ ತಾರೀಖು ಯಾವಾಗ?” ಅಂತ ಕೇಳಿದಳು. ಕೀರ್ತನ ಹೇಳಿದಳು. ವರಲಕ್ಷ್ಮಮ್ಮ ತಾನೇ ಒಳಗೆ ಹೋಗಿ ಬೆಂಚ್ ಕ್ಲರ್ಕ್‌ನನ್ನು ಕೇಳಿ, ಅದೇ ತಾರೀಖು ಹೌದೆಂದು ಖಾತ್ರಿ ಮಾಡಿಕೊಂಡು ಬಂದಳು. ಕೀರ್ತನ ಬಾಗಿಲಲ್ಲಿ ನಿಂತು ಕಾದಳು. ಆಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು.