ಅರಸೀಕೆರೆಯವಳಲ್ಲದ ಈರಮ್ಮತ್ತೆ

ನಮ್ಮ ಈರಮ್ಮತ್ತೆಗೆ ಎರಡು ಊರುಗಳಿದ್ದವು. ಒಂದು, ವರ್ಷಪೂರ್ತಿ ಆಕೆ ಬದುಕುತ್ತಿದ್ದ ನಮ್ಮ ಊರು. ಇನ್ನೊಂದು, ಮೈಲಾರದ ಜಾತ್ರೆಯ ಬಯಲಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಾಗ ಯಾರಾದರೂ ಕೇಳಿದರೆ ಹೇಳುತ್ತಿದ್ದ ಊರು. "ಯಾವೂರವ್ವ ನಿಮ್ದು?" ಎಂದವರಿಗೆಲ್ಲ ಕಣ್ಣು ಮಿಟುಕಿಸದೆ "ಅರಸೀಕೆರಿ" ಅನ್ನುತ್ತಿದ್ದಳು. ಅರಸೀಕೆರೆಯ ಮುಖವನ್ನೇ ಆಕೆ ನೋಡಿರಲಿಲ್ಲ. ದೊಡ್ಡ ಊರು, ಅಲ್ಲಿ ಈರಮ್ಮ ಅಂತ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ ಎಂಬುದಷ್ಟೇ ಆಕೆಯ ಯೋಚನೆ. ನಮ್ಮ ನಿಜವಾದ ಊರಿನ ಹೆಸರು ಬರೆಯಲು ನನಗೂ ಕೈ ಏಳುತ್ತಿಲ್ಲ. ಕೊಟ್ಟೂರಿನ ಆಚೆ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಆಕೆಯ ಕೈಯಲ್ಲಿ ಬೆಳೆದವಳು ನಾನು, ಇಷ್ಟು ಹೇಳಿದ್ದೇ ಹೆಚ್ಚು.

ಒಮ್ಮೆ ನಾನು, "ಊರು ಹೇಳಿದ್ರ ಏನಾಗತೈತಿ ಅತ್ತಿ?" ಎಂದು ಕೇಳಿದ್ದೆ. ಆಕೆ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಮನಿಮಂದಿಯೆಲ್ಲ ಇಲ್ಲಿ ಬಂದು ಕುಂತೀವಿ. ಊರಾಗ ಮನಿಗೆ ಬೀಗ ಐತಿ ಅಂತ ನಾವಾ ಡಂಗುರ ಹೊಡೀಬೇಕೇನು?"

ಈರಮ್ಮತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡನೆಯ ವಯಸ್ಸಿಗೇ ತವರಿಗೆ ಬಂದವಳು, ಮತ್ತೆ ಹೋಗಲಿಲ್ಲ. ಅಡುಗೆಮನೆಯಿಂದ ದನದ ಕೊಟ್ಟಿಗೆಯವರೆಗೆ ನಮ್ಮ ಮನೆ ನಡೆಯುತ್ತಿದ್ದದ್ದು ಆಕೆಯ ಮಾತಿನ ಮೇಲೆ. ಹಾಲಿನವನು, ಬಳೆಗಾರ, ಹೊಸ ಮೇಷ್ಟ್ರು, ಯಾರು ಬಂದರೂ ಮೊದಲು ಅವರ ಕಾಲು ನೋಡುವಳು, ಆಮೇಲೆ ಮುಖ. "ಮಾರಿ ಸುಳ್ಳು ಹೇಳತೈತಿ, ಕಾಲು ಎಲ್ಲಿಂದ ಬಂದೈತಿ ಅಂತ ಹೇಳಿಬಿಡತೈತಿ" ಅನ್ನುವುದು ಆಕೆಯ ಶಾಸ್ತ್ರ.

ಈ ಅನುಮಾನಕ್ಕೆಲ್ಲ ಹಬ್ಬವಾಗುತ್ತಿದ್ದದ್ದು ಮೈಲಾರದ ಬಯಲಿನಲ್ಲಿ. ತೊಂಬತ್ತರ ದಶಕದಲ್ಲಿ ನಾವು ಪ್ರತಿ ವರ್ಷ ಹೋಗುತ್ತಿದ್ದೆವು. ಟ್ರಾಲಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಬಿಗಿದು, ಒಳಗೆ ಜೋಳದ ಸೊಪ್ಪೆ ಹರಡಿ, ಅದರ ಮೇಲೆ ಕಂಬಳಿ ಹಾಸಿದರೆ ಅದೇ ಮೂರು ದಿನದ ಮನೆ. ಹೊಳೆಯ ದಂಡೆಯಿಂದ ಕಣ್ಣು ಹೋಗುವವರೆಗೆ ಅಂಥವೇ ಮನೆಗಳು. ಮೊದಲ ಸಲ ಬಂದವರು ನೆರಳು ನೋಡಿ ಗಾಡಿ ನಿಲ್ಲಿಸುತ್ತಿದ್ದರು, ಇಲ್ಲವೇ ನೀರಿಗೆ ಹತ್ತಿರವಾಗಲಿ ಎಂದು ದಂಡೆಗೇ ಹೋಗುತ್ತಿದ್ದರು. ಅತ್ತೆ ಅವರನ್ನು ನೋಡಿ ನಗುತ್ತಿದ್ದಳು. ನೀರಿನ ಪಕ್ಕ ನಿಂತರೆ ಇಡೀ ಬಯಲು ನಿಮ್ಮ ಒಲೆಯನ್ನು ದಾಟಿಕೊಂಡೇ ಕೊಡ ಹೊತ್ತು ಹೋಗುತ್ತದೆ. ಮರದ ಕೆಳಗೆ ನಿಂತರೆ ಮಧ್ಯಾಹ್ನ ಹತ್ತು ಜನ ಅಪರಿಚಿತರು ಬಂದು ಮಲಗುತ್ತಾರೆ. ಟ್ರ್ಯಾಕ್ಟರಿನ ಮೂತಿ ದಾರಿಯ ಕಡೆಗೇ ಇರಬೇಕು, ಇಲ್ಲದಿದ್ದರೆ ಹೊರಡುವ ದಿನ ಮುಂದಿನವರು ಏಳುವವರೆಗೆ ಕೂರಬೇಕು. ಹೆಣ್ಣುಮಕ್ಕಳು ನಸುಕಿನಲ್ಲಿ ಜಾಲಿಗಿಡಗಳ ಕಡೆ ಹೋಗುವಾಗ ಗುಂಪಾಗಿ ಹೋಗಬೇಕು, ಒಬ್ಬಳು ಮಾತ್ರ ಟ್ರಾಲಿಯ ಹತ್ತಿರ ಉಳಿಯಬೇಕು. ಆ ಒಬ್ಬಳು ಯಾವಾಗಲೂ ಅತ್ತೆಯೇ. ಆಕೆ ಯಾವಾಗ ಹೋಗಿ ಬರುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನೆರೆಯವರ ವಿಷಯದಲ್ಲಂತೂ ಆಕೆಗೆ ಒಂದು ಭವಿಷ್ಯವಾಣಿಯೇ ಇತ್ತು. "ಮೊದಲ್ನೇ ದಿನ ಉಪ್ಪು ಕೇಳತಾರ. ಎರಡನೇ ದಿನ ಕಾರಪುಡಿ. ಮೂರನೇ ದಿನ ನಮ್ಮ ಟ್ರಾಲಿಯಾಗ ಅವರ ಮೊಮ್ಮಗ ಮಲಗಿರತಾನ." ನಮ್ಮ ಕೊಡ, ತಂಬಿಗೆ, ಬುಟ್ಟಿ ಎಲ್ಲಕ್ಕೂ ಹಳೆಯ ಹಸಿರು ಸೀರೆಯ ಚೂರು ಕಟ್ಟಿರುತ್ತಿದ್ದಳು. ಯಾರಾದರೂ ರೊಟ್ಟಿ ಪಲ್ಯ ತಂದು ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಂಡು, ಅವರು ತಿರುಗಿದ ಮೇಲೆ ನಾಯಿಗೆ ಹಾಕಿ, ನಾಯಿ ಏನಾಯಿತೆಂದು ಸಂಜೆಯವರೆಗೆ ನೋಡುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು.

ಇಂಥ ಈರಮ್ಮತ್ತೆಗೆ ಅಲ್ಲೇ ಒಬ್ಬಳು ಗೆಳತಿ ಸಿಕ್ಕಿದಳು. ನಾನು ಆಗ ಕೊಟ್ಟೂರಿನ ಕಾಲೇಜಿಗೆ ಸೇರಿದ ವರ್ಷ. ನಮ್ಮ ಪಕ್ಕದ ಟ್ರಾಲಿಯಲ್ಲಿದ್ದ ಅತ್ತೆಯ ವಯಸ್ಸಿನ ಹೆಂಗಸು ಎರಡು ದಿನವಾದರೂ ಏನನ್ನೂ ಕೇಳಲಿಲ್ಲ. ಅತ್ತೆಗೆ ಅದರ ಮೇಲೇ ಅನುಮಾನ ಬಂತು. "ಕೇಳೋರನ್ನಾರ ನಂಬಬಹುದು. ಏನೂ ಕೇಳವಲ್ಲಳು ಅಂದ್ರ ಆಕಿ ಮನಸಿನಾಗ ಏನೋ ಐತಿ" ಅಂದಳು. ಆಮೇಲೆ ನೋಡಿದರೆ ಆ ಹೆಂಗಸಿನ ಕೊಡಗಳಿಗೂ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ಆಕೆ ನಮ್ಮ ಮೇಲೆ ಕಣ್ಣಿಟ್ಟಿದ್ದಳು, ನಾವು ಆಕೆಯ ಮೇಲೆ ಕಣ್ಣಿಟ್ಟಿದ್ದೆವು.

ಎರಡನೆಯ ದಿನ ಸಂಜೆ ಸುಂಟರಗಾಳಿ ಎದ್ದು ನಮ್ಮ ತಾಡಪತ್ರಿ ಕಿತ್ತುಕೊಂಡಿತು. ಅಪ್ಪ ದೇವಸ್ಥಾನದ ಕಡೆ ಹೋಗಿದ್ದ. ಆ ಹೆಂಗಸು ಒಂದೇ ನೆಗೆತಕ್ಕೆ ಬಂದು ಹಗ್ಗದ ಒಂದು ತುದಿಗೆ ಜೋತುಬಿದ್ದಳು, ಇನ್ನೊಂದು ತುದಿಗೆ ಅತ್ತೆ. ಗಾಳಿ ನಿಲ್ಲುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಹಗ್ಗ ಬಿಗಿದರು. ಕೊನೆಗೆ ಇಬ್ಬರೂ ಧೂಳು ತುಂಬಿದ ಮುಖದಲ್ಲಿ ನಗುತ್ತಾ ಕೂತರು. ಆಕೆಯ ಹೆಸರು ನೀಲಮ್ಮ. ಊರು ಕೇಳಿದರೆ "ಇಟ್ಟಿಗಿಯಾಕಿ" ಎಂದಳು. ಅತ್ತೆ "ಅರಸೀಕೆರಿ" ಎಂದಳು.

ಅವರು ಕೂರುತ್ತಿದ್ದ ರೀತಿಯೇ ವಿಚಿತ್ರ. ಎರಡು ಟ್ರಾಲಿಗಳ ನಡುವೆ ಬೆನ್ನಿಗೆ ಬೆನ್ನು ಹಚ್ಚಿ, ಒಬ್ಬೊಬ್ಬರ ಕಣ್ಣು ಅವರವರ ಸಾಮಾನಿನ ಮೇಲೆ. ಮುಖ ನೋಡದೆ ಗಂಟೆಗಟ್ಟಲೆ ಮಾತು. ಒಮ್ಮೆ ನಾನು ಟ್ರಾಲಿಯೊಳಗೆ ಮಲಗಿದ್ದೇನೆಂದು ತಿಳಿದು ಅತ್ತೆ ತನ್ನ ಮಗಳ ಮಾತು ತೆಗೆದಳು. ಆಕೆಗೊಬ್ಬ ಮಗಳಿದ್ದಳು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಏಳು ತಿಂಗಳ ಕೂಸು, ಜ್ವರ ಬಂದು ಹೋಯಿತಂತೆ. "ಎಣ್ಣಿ ಹಚ್ಚಿದಾಗೆಲ್ಲ ನನ್ನ ಹೆಬ್ಬೆರಳು ಹಿಡಕೊಂಡು ಬಿಡತಿದ್ದಿಲ್ಲ ನೋಡ" ಎಂದು ಅತ್ತೆ ಹೇಳಿದಾಗ ನೀಲಮ್ಮ ತಿರುಗಿಯೂ ನೋಡಲಿಲ್ಲ. ಬೆನ್ನನ್ನು ಇನ್ನಷ್ಟು ಒತ್ತಿ ಕೂತಳು. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಬಾಯಿಗೆ ಬಾರದ ಮಾತು ಅದು. ನಮ್ಮ ಊರು ಗೊತ್ತಿಲ್ಲದವಳ ಹತ್ತಿರ ಹೇಳಿದರೆ ಮಾತು ಊರಿಗೆ ಬರುವುದಿಲ್ಲವಲ್ಲ, ಅದಕ್ಕೇ ಹೇಳಿದಳೇನೋ.

ಹೀಗೆ ಮೂರು ವರ್ಷ. ಹೊರಡುವ ದಿನ ನಾನು ಪ್ರತಿ ಸಲ ಕೇಳುತ್ತಿದ್ದೆ. "ನೀಲಮ್ಮಗಾದ್ರೂ ಖರೇ ಊರು ಹೇಳಬಾರದಾ ಅತ್ತಿ?"

"ಮುಂದಿನ ವರ್ಷ ಹೇಳಿದ್ರಾತು. ಎಲ್ಲಿ ಹೋಗತಾಳ ಆಕಿ?"

ನಾಲ್ಕನೆಯ ವರ್ಷ ಟ್ರ್ಯಾಕ್ಟರುಗಳನ್ನೆಲ್ಲ ಬೇರೆ ಹೊಲಗಳಿಗೆ ತಿರುಗಿಸಿದರು. ನಮ್ಮ ಹಳೆಯ ಜಾಗಕ್ಕೆ ಹಗ್ಗ ಕಟ್ಟಿದ್ದರು. ಯಾರು ಎಲ್ಲಿ ನಿಂತಿದ್ದಾರೋ ಯಾರಿಗೂ ಗೊತ್ತಿಲ್ಲ. ಅತ್ತೆ ಮೊದಲ ದಿನವೆಲ್ಲ ಸಿಡಿಮಿಡಿಗೊಂಡಳು. ಪಕ್ಕದ ಟ್ರಾಲಿಯ ಮುದುಕ, ಹರಪನಹಳ್ಳಿ ಕಡೆಯವನು, ಊರು ಹೆಸರು ಕೇಳಿದರೆ ಕಿವಿ ಕೇಳದವಳಂತೆ ಕೂತುಬಿಟ್ಟಳು. ನೀಲಮ್ಮನ ಟ್ರಾಲಿ ಬಂದಿದೆಯೋ ಎಂದು ಎದ್ದು ನೋಡುವಳು, ಸಾಮಾನು ಬಿಟ್ಟು ಹೋಗಲಾರದೆ ಮತ್ತೆ ಕೂರುವಳು.

ಎರಡನೆಯ ದಿನ ಸಂಜೆಯಾಗುತ್ತಾ ಬಂದಿತ್ತು. ಒಬ್ಬ ಪ್ರಾಯದವನು, ಹೆಗಲ ಮೇಲೆ ಟವೆಲು, ಒಂದೊಂದೇ ಟ್ರಾಲಿ ಕೇಳಿಕೊಂಡು ಬರುತ್ತಿದ್ದ. ನಾವು ಹಿಂದೆಂದೂ ನೋಡಿರದ ಮುಖ.

"ಇಲ್ಲಿ ಅರಸೀಕೆರಿ ಈರಮ್ಮ ಅಂತ ಯಾರಾರ ಅದಾರೇನ್ರಿ?"

ಅತ್ತೆ ಒಲೆಯಿಂದ ತಲೆ ಎತ್ತಲಿಲ್ಲ. "ಯಾಕ ಬೇಕಾಗಿತ್ತಪ್ಪ?"

"ಸ್ವಲ್ಪ ಕೆಲಸ ಇತ್ರಿ."

"ನಿಂದು ಯಾವೂರು?"

"ಇಲ್ಲೇ ಹತ್ರದಾಗ್ರಿ."

"ಹೆಸರು?"

ಆತ ಅದಕ್ಕೆ ಉತ್ತರ ಕೊಡಲಿಲ್ಲ. ಅತ್ತೆಯನ್ನೂ ನನ್ನನ್ನೂ ನೋಡಿ, "ಈರಮ್ಮ ಅಂದ್ರ ನೀವಾ ಏನ್ರಿ?" ಎಂದ.

"ಅಲ್ಲಪ್ಪ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ."

ಅವನು ಪಕ್ಕದ ಮುದುಕನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಮುಂದಕ್ಕೆ ಹೋದ. "ತನ್ನ ಊರು ಹೇಳವಲ್ಲ, ಹೆಸರು ಹೇಳವಲ್ಲ. ಇಂಥಾವರನ್ನ ಹೆಂಗ ನಂಬತಿ?" ಎಂದಳು ಅತ್ತೆ. ನಾನು ಹೌದೆಂದು ತಲೆಯಾಡಿಸಿದೆ. ಡಿಗ್ರಿ ಓದುತ್ತಿದ್ದವಳು ನಾನು, ಒಂದು ಮಾತು ಕೇಳಬಹುದಿತ್ತು. ಅವನ ಕಾಲು ನೋಡಿದ್ದೆ, ಧೂಳಿನ ಕಾಲು, ಅಷ್ಟೇ.

ಮರುದಿನ ಬೆಳಿಗ್ಗೆ ಮುದುಕ ಬೇವಿನಕಡ್ಡಿ ಜಗಿಯುತ್ತಾ ಅಪ್ಪನಿಗೆ ಹೇಳಿದ. "ಪಾಪ, ನಿನ್ನಿ ಬಂದಿದ್ದ ಹುಡುಗಗ ಆ ಹೆಣ್ಮಗಳು ಸಿಕ್ಕಳೋ ಇಲ್ಲೋ. ಅವರವ್ವಗ ಭಾಳ ಆರಾಮಿಲ್ಲಂತ. ಬ್ಯಾಡ ಅಂದ್ರೂ ಕೇಳಲಿಲ್ಲಂತ, ಆ ಗೆಳತಿನ ಒಮ್ಮಿ ನೋಡಬೇಕು ಅಂತ ಟ್ರಾಲಿಯಾಗ ಮಲಗಿಕೊಂಡು ಬಂದಾಳಂತ. ಇಬ್ರೂ ಬೆನ್ನಿಗೆ ಬೆನ್ನು ಹಚ್ಚಿ ಕುಂದರತಿದ್ರಂತ ನೋಡ್ರಿ."

ಅತ್ತೆ ತಟ್ಟುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು. ಸಾಮಾನಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹಿಂದೆ ಓಡಿದೆ. ಒಂದು ಹೊಲ ದಾಟಿದರೆ ಇನ್ನೊಂದು, ಎಲ್ಲ ಕಡೆ ಅದೇ ಕಮಾನು, ಅದೇ ತಾಡಪತ್ರಿ, ಅದೇ ಹೊಗೆ. ಆಕೆ ಕಂಡಕಂಡ ಟ್ರಾಲಿಯ ಪರದೆ ಸರಿಸಿ ನೋಡಿದಳು, ಬೈಸಿಕೊಂಡಳು. ಎರಡನೆಯ ಹೊಲದ ನಡುವೆ ನಿಂತು ಜೋರಾಗಿ ಕೂಗತೊಡಗಿದಳು. "ನಾನು ಅರಸೀಕೆರಿ ಈರಮ್ಮ ಅದೀನಿ. ನೀಲಮ್ಮ, ಅರಸೀಕೆರಿ ಈರಮ್ಮ ಬಂದೀನಿ." ಜನ ಹುಚ್ಚಿಯನ್ನು ನೋಡುವ ಹಾಗೆ ನೋಡಿದರು.

ಹೊಳೆಯ ಕಡೆಯ ಕೊನೆಯ ಹೊಲದಲ್ಲಿ ಒಂದು ಜಾಗ ಖಾಲಿಯಿತ್ತು. ಮೂರು ಕಲ್ಲಿನ ಒಲೆ ಇನ್ನೂ ಬಿಸಿ ಇತ್ತು. ಸೊಪ್ಪೆ ಚೆಲ್ಲಿತ್ತು. "ಮಲಗಿದ್ದ ಅಮ್ಮಗ ನಸುಕಿನ್ಯಾಗ ಜಾಸ್ತಿ ಆತಂತ ಹೊಂಟುಹೋದ್ರವ್ವ" ಎಂದಳು ಪಕ್ಕದ ಹೆಂಗಸು. ಯಾವ ಊರಿನವರು ಎಂದು ನಾನು ಕೇಳಿದೆ. "ಎರಡು ಸಲ ಕೇಳಿದೆ. ಅವರು ಹೇಳಲಿಲ್ಲ."

ಊರಿಗೆ ಬಂದ ಮೂರನೆಯ ದಿನವೇ ಅತ್ತೆ ನನ್ನನ್ನು ಕರೆದುಕೊಂಡು ಹಡಗಲಿ ಬಸ್ಸು ಹತ್ತಿದಳು. ಇಟ್ಟಿಗಿಯಲ್ಲಿ ಇಳಿದು ಓಣಿ ಓಣಿ ಸುತ್ತಿದೆವು. ಇಬ್ಬರು ನೀಲಮ್ಮಂದಿರು ಸಿಕ್ಕರು. ಒಬ್ಬಳು ಏಳನೆಯ ತರಗತಿಯ ಹುಡುಗಿ, ಇನ್ನೊಬ್ಬಳು ಹೊಸದಾಗಿ ಬಂದ ಸೊಸೆ. ಕಟ್ಟೆಯ ಮೇಲಿದ್ದ ಹಿರಿಯರು ನಮ್ಮನ್ನೇ ಮೇಲಿಂದ ಕೆಳಗೆ ನೋಡಿದರು. "ನೀವು ಯಾರು? ಯಾಕ ಬೇಕಾಗಿತ್ತು?" ಅತ್ತೆ ತಡೆಯದೆ ಎಲ್ಲ ಹೇಳಿದಳು. ನಮ್ಮ ಊರು, ತಮ್ಮನ ಹೆಸರು, ಹಿಟ್ಟಿನ ಗಿರಣಿಯ ಎದುರಿನ ಮನೆ. ಆಕೆಯ ಬಾಯಲ್ಲಿ ಇಷ್ಟು ನಿಜ ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಹಿರಿಯರು ಒಂದನ್ನೂ ನಂಬಲಿಲ್ಲ. ಈ ಸಲ ಈ ಊರಿನಿಂದ ಮೈಲಾರಕ್ಕೆ ಹೋದ ಟ್ರ್ಯಾಕ್ಟರುಗಳಲ್ಲಿ ಅಂಥ ಹೆಂಗಸು ಯಾರೂ ಇರಲಿಲ್ಲ ಎಂದಷ್ಟೇ ಹೇಳಿದರು.

ಮರಳುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಹಳ ದೂರ ಬಂದ ಮೇಲೆ ಸಣ್ಣಗೆ ನಕ್ಕಳು. "ನನ್ನಂಗ ಶ್ಯಾಣ್ಯಾಕಿ ಆಕಿನೂ" ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು.

ಅದಾದ ಮೇಲೆ ಎರಡು ವರ್ಷ ಮೈಲಾರಕ್ಕೆ ಬಂದಳು. ಉಪ್ಪು ಕೇಳಲು ಬಂದವರನ್ನೆಲ್ಲ ಕೂರಿಸಿಕೊಂಡು, ಅವರು ಕೇಳದಿದ್ದರೂ ನಮ್ಮ ಊರು ಹೇಳುತ್ತಿದ್ದಳು, ಬಸ್ಸು ಎಲ್ಲಿ ಇಳಿಯಬೇಕು ಎಂದು ಹೇಳುತ್ತಿದ್ದಳು. ಅವರು ಇದೇನು ಹೀಗೆ ಎಂದು ಅನುಮಾನಪಟ್ಟು ಬೇಗ ಎದ್ದು ಹೋಗುತ್ತಿದ್ದರು. ಆಮೇಲೆ ಆಕೆಗೆ ಟ್ರಾಲಿ ಹತ್ತಲು ಆಗಲಿಲ್ಲ.

ಅತ್ತೆ ತೀರಿಕೊಂಡ ದಿನ ಅಪ್ಪ ಕಟ್ಟೆಯ ಮೇಲೆ ಕೂತು, ಸುದ್ದಿ ಮುಟ್ಟಿಸಬೇಕಾದವರನ್ನು ಒಬ್ಬೊಬ್ಬರನ್ನಾಗಿ ನೆನೆದು ಹೇಳಿದ. ನಾನು ಹೆಸರು ಬರೆದು, ಮುಂದೆ ಊರು ಬರೆಯುತ್ತಾ ಹೋದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ. "ಇನ್ನ ಯಾರಾರ ಉಳಿದರೇನವ್ವ?" ಎಂದು ಅಪ್ಪ ಕೇಳಿದ. ಕೊನೆಯ ಸಾಲಿನಲ್ಲಿ ನೀಲಮ್ಮ ಎಂದು ಬರೆದೆ. ಅದರ ಮುಂದೆ ಬರೆಯಲು ನನ್ನ ಹತ್ತಿರ ಊರಿರಲಿಲ್ಲ.